ಲಿವರ್ ಕ್ಯಾನ್ಸರ್: ‘ಮನೆತನದ ರೋಗ’ ಅಂತ ಕೈಬಿಡುವ ಮೊದಲು ಮನೆಯವರೆಲ್ಲರ ರಕ್ತ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ಯಾರಿಗಾದರೂ ಲಿವರ್ ಕ್ಯಾನ್ಸರ್ ಅಂತ ಗೊತ್ತಾದರೆ ಎರಡೇ ಮಾತು ಕೇಳಿಬರುತ್ತವೆ. ಕುಡಿಯುವವನಾಗಿದ್ದರೆ “ಕುಡ್ದು ಕುಡ್ದು ಹಾಳ್ ಮಾಡ್ಕೊಂಡ”. ಕುಡಿಯದವನಾಗಿದ್ದರೆ “ಅವರ ಮನೆತನದಾಗೇ ಅದ ಬಿಡ್ರಿ, ಅವರ ಅಪ್ಪನೂ ಹೊಟ್ಟಿ ಉಬ್ಬೇ ಹೋದ”. ಅಲ್ಲಿಗೆ ಮಾತು ಮುಗಿಯಿತು. ಮಣ್ಣು ಕೊಟ್ಟು ಬಂದ ಮೇಲೆ ಆ ಮನೆಯಲ್ಲಿ ಉಳಿದವರ ಬಗ್ಗೆ ಯಾರೂ ಕೇಳುವುದಿಲ್ಲ.

ನಾನು ಕಲಬುರಗಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಆಳಂದ, ಜೇವರ್ಗಿ, ಚಿತ್ತಾಪುರ, ಅತ್ತ ಶಹಾಪುರ, ಸುರಪುರ, ಇತ್ತ ಹುಮನಾಬಾದ್ ಕಡೆಯಿಂದ ಬರುವವರ ರಕ್ತ ದಿನಾ ನೋಡುವವನು. ಕುಡಿತದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆ ಎರಡನೇ ಮಾತಿನ ಬಗ್ಗೆ, ಅಂದರೆ ‘ಮನೆತನದಾಗೇ ಅದ’ ಅನ್ನುವುದರ ಬಗ್ಗೆ ಬರೆಯಬೇಕು ಅನಿಸಿತು. ಯಾಕೆಂದರೆ ಬಹಳ ಮನೆಗಳಲ್ಲಿ ಅಪ್ಪನಿಂದ ಮಗನಿಗೆ, ಅವ್ವನಿಂದ ಮಕ್ಕಳಿಗೆ ಬಂದಿರುವುದು ಜೀನ್ ಅಲ್ಲ, ವೈರಸ್. ಜೀನ್ ಆದರೆ ನಾವೇನೂ ಮಾಡಲಾಗದು ಅನ್ನಬಹುದು, ಆದರೆ ವೈರಸ್ಸಿಗೆ ಲಸಿಕೆ ಇದೆ, ಮಾತ್ರೆ ಇದೆ, ಹದಿನೈದು ನಿಮಿಷದಲ್ಲಿ ಮುಗಿಯುವ ಟೆಸ್ಟ್ ಇದೆ. ಇಷ್ಟೆಲ್ಲ ಇಟ್ಟುಕೊಂಡು ನಾವು ಹಣೆಬರಹ ಅಂತ ಕೂತಿದ್ದೇವೆ.

ಆ ವೈರಸ್ ಹೆಪಟೈಟಿಸ್ ಬಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 3 ಕೋಟಿ ಜನರಿಗೆ ಇದು ಅಂಟಿಕೊಂಡೇ ಇದೆ. ಅವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಜ್ವರ ಇಲ್ಲ, ನೋವಿಲ್ಲ, ಕಣ್ಣು ಹಳದಿ ಆಗಿಲ್ಲ. ಹೊಲದ ಕೆಲಸ ಮಾಡುತ್ತಾರೆ, ಗಾರೆ ಕೆಲಸಕ್ಕೆ ಪುಣೆ, ಮುಂಬೈಗೆ ಹೋಗಿ ಬರುತ್ತಾರೆ, ಮದುವೆ ಮಾಡಿಕೊಳ್ಳುತ್ತಾರೆ. ಒಳಗೆ ಲಿವರ್ ಮಾತ್ರ ಇಪ್ಪತ್ತು ಮೂವತ್ತು ವರ್ಷ ಸುಮ್ನೆ ಕೆಡುತ್ತಾ ಹೋಗುತ್ತದೆ. ನಲವತ್ತೈದು ಐವತ್ತಕ್ಕೆ ಹೊಟ್ಟೆ ಉಬ್ಬುತ್ತದೆ, ಕಾಲು ಬಾಯುತ್ತದೆ, ಆಗ ಸ್ಕ್ಯಾನಿಂಗ್ ಮಾಡಿಸಿದರೆ ಗಡ್ಡೆ. ಇನ್ನೊಂದು ವಿಷಯ. ಬೇರೆ ಕಾರಣಗಳಿಂದ ಬರುವ ಲಿವರ್ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಲಿವರ್ ಗಟ್ಟಿಯಾಗಬೇಕು, ಅದನ್ನೇ ಸಿರೋಸಿಸ್ ಅನ್ನುತ್ತಾರೆ. ಹೆಪಟೈಟಿಸ್ ಬಿ ಹಾಗಲ್ಲ. ಅದು ಲಿವರ್ ಜೀವಕೋಶದ ಡಿಎನ್‌ಎ ಒಳಗೇ ಸೇರಿಕೊಳ್ಳುತ್ತದೆ, ಸಿರೋಸಿಸ್ ಆಗದೆ ನೇರವಾಗಿ ಕ್ಯಾನ್ಸರ್ ತರುವ ಶಕ್ತಿ ಅದಕ್ಕಿದೆ.

ಮನೆತನದ ರೋಗ ಅಂತ ಯಾಕೆ ಕಾಣುತ್ತದೆ ಅಂದರೆ, ಇದು ಯಾವ ವಯಸ್ಸಿನಲ್ಲಿ ಅಂಟುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ದೊಡ್ಡವರಿಗೆ ಅಂಟಿದರೆ ನೂರರಲ್ಲಿ ತೊಂಬತ್ತೈದಕ್ಕಿಂತ ಜಾಸ್ತಿ ಜನರಲ್ಲಿ ಮೈ ತಾನೇ ಅದನ್ನು ಓಡಿಸಿಬಿಡುತ್ತದೆ. ಹುಟ್ಟುವಾಗಲೇ ತಾಯಿಯಿಂದ ಕೂಸಿಗೆ ಅಂಟಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ಸಣ್ಣ ಮಕ್ಕಳು ಒಬ್ಬರಿಂದ ಒಬ್ಬರಿಗೆ ಗಾಯ, ಹುಣ್ಣುಗಳ ಮೂಲಕವೂ ಹಚ್ಚಿಕೊಳ್ಳುತ್ತಾರೆ. ಒಬ್ಬ ತಾಯಿಗೆ ಇದ್ದರೆ ಅವಳ ನಾಲ್ಕು ಮಕ್ಕಳಲ್ಲಿ ಮೂವರಿಗೆ ಇರುವುದು ನಮ್ಮ ಲ್ಯಾಬಿನಲ್ಲಿ ಆಶ್ಚರ್ಯದ ವಿಷಯವೇ ಅಲ್ಲ. ಆ ಮೂವರಲ್ಲಿ ಇಬ್ಬರು ಐವತ್ತರ ಆಸುಪಾಸಿನಲ್ಲಿ ಹೋದರೆ ಊರು ಏನನ್ನುತ್ತದೆ? ಮನೆತನದಾಗೇ ಅದ.

ಟೆಸ್ಟ್ ಎಷ್ಟು ಸುಲಭ ಅನ್ನುವುದನ್ನು ಹೇಳಲೇಬೇಕು. ರಕ್ತ ತೆಗೆದು ಮಷಿನ್‌ನಲ್ಲಿ ತಿರುಗಿಸಿದರೆ ಮೇಲೆ ಹಳದಿ ನೀರು, ಅಂದರೆ ಸೀರಮ್, ನಿಲ್ಲುತ್ತದೆ. ಅದರ ಎರಡು ಮೂರು ಹನಿ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಬಿಡುತ್ತೇವೆ. ಹನಿ ಪಟ್ಟಿಯ ಉದ್ದಕ್ಕೂ ಹರಿಯುತ್ತದೆ. ಹದಿನೈದು ನಿಮಿಷಕ್ಕೆ ಒಂದೇ ಗೆರೆ ಬಂದರೆ ಇಲ್ಲ, ಎರಡು ಗೆರೆ ಬಂದರೆ ಇದೆ. ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ ಅಂತ ಬರೆಯುತ್ತೇವೆ, ಅದೇ ರಕ್ತದಲ್ಲಿ ಈ ವೈರಸ್ಸಿನ ಗುರುತು. ಆಪರೇಷನ್ ಮಾಡಿಸುವವರಿಗೆ, ಬಸುರಿಯರಿಗೆ, ರಕ್ತ ಕೊಡುವವರಿಗೆ ಇದನ್ನು ಹೇಗೂ ಮಾಡುತ್ತಾರೆ. ಹೀಗಾಗಿ ಬಹಳ ಜನರಿಗೆ ಗೊತ್ತಾಗುವುದೇ ಹರ್ನಿಯಾ ಆಪರೇಷನ್ನಿಗೋ ಕಣ್ಣಿನ ಪೊರೆ ತೆಗೆಸುವುದಕ್ಕೋ ಬಂದಾಗ. ಆಮೇಲೆ ಏನಾಗುತ್ತದೆ ಕೇಳಿ. ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ, ಡಾಕ್ಟರು ನರ್ಸು ಹುಷಾರಾಗುತ್ತಾರೆ, ಆಪರೇಷನ್ ಮುಗಿಯುತ್ತದೆ, ಹೊಲಿಗೆ ಬಿಚ್ಚಿ ಕಳಿಸುತ್ತಾರೆ. ಆಸ್ಪತ್ರೆ ತನ್ನವರನ್ನು ಕಾಪಾಡಿಕೊಂಡಿತು. ಆ ಮನುಷ್ಯನಿಗೆ “ನಿನ್ನ ಹೆಂಡತಿ ಮಕ್ಕಳನ್ನು, ಅಣ್ಣತಮ್ಮಂದಿರನ್ನು, ನಿನ್ನ ಅವ್ವನನ್ನು ಟೆಸ್ಟಿಗೆ ಕರಕೊಂಡು ಬಾ” ಅಂತ ಕೂರಿಸಿ ಹೇಳುವವರು ಯಾರು? ಒಬ್ಬರಿಗೆ ಇದೆ ಅಂತ ಗೊತ್ತಾದ ಕೂಡಲೇ ಇಡೀ ಮನೆಯ ರಕ್ತ ನೋಡಬೇಕು. ಇಲ್ಲದವರಿಗೆ ಲಸಿಕೆ ಹಾಕಬೇಕು, ದೊಡ್ಡವರಿಗೆ ಮೂರು ಡೋಸ್, ಮೊದಲನೆಯದು ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಇರುವವರನ್ನು ಡಾಕ್ಟರು ನೋಡಿ ಮಾತ್ರೆ ಬೇಕೋ ಬೇಡವೋ ತೀರ್ಮಾನಿಸಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರು ಬಿಡದೆ ತಗೊಂಡರೆ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಕಡಿಮೆ ಆಗುತ್ತದೆ.

ಬಸುರಿಯರ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ತಾಯಿ ಕಾರ್ಡ್ ಮಾಡಿಸುವಾಗ ಟೆಸ್ಟ್ ಆಗುತ್ತದೆ, ಎರಡು ಗೆರೆ ಬರುತ್ತದೆ. ರಿಪೋರ್ಟ್ ತಗೊಳ್ಳಲು ಅತ್ತೆ ಬಂದಿರುತ್ತಾರೆ. “ತವರಿಂದ ತಂದಾಳ” ಅನ್ನುವ ಮಾತು ಲ್ಯಾಬಿನ ಬಾಗಿಲಲ್ಲೇ ಶುರು. ಆ ಹುಡುಗಿ ತಲೆ ತಗ್ಗಿಸಿ ನಿಂತಿರುತ್ತಾಳೆ. ಅವಳು ಏನು ತಪ್ಪು ಮಾಡಿದ್ದಾಳೆ? ಅವಳೂ ತನ್ನ ತಾಯಿಯ ಹೊಟ್ಟೆಯಿಂದ ಬರುವಾಗ ಅಂಟಿಸಿಕೊಂಡಿರಬಹುದು, ಗಂಡನಿಂದಲೇ ಬಂದಿರಬಹುದು. ಗಂಡನ ರಕ್ತ ನೋಡೋಣ ಅಂದರೆ “ಅವನಿಗ್ಯಾಕ ಬೇಕ್ರಿ” ಅನ್ನುತ್ತಾರೆ. ಇಂಥ ರಿಪೋರ್ಟನ್ನು ಅವಳ ಕೈಗೇ, ಒಳಗೆ ಕರೆದು, ತಿಳಿಸಿ ಹೇಳಿ ಕೊಡಬೇಕು. ಇದು ಎಲ್ಲಾ ಲ್ಯಾಬಿನವರಿಗೂ ನನ್ನ ವಿನಂತಿ. ಇನ್ನು ಆ ಕೂಸಿನ ಮಾತು. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಬೀಳಬೇಕು. ತಾಯಿಗೆ ವೈರಸ್ ಇದ್ದರೆ ಅದರ ಜೊತೆ ಇಮ್ಯುನೊಗ್ಲೋಬುಲಿನ್ ಅನ್ನುವ ಇನ್ನೊಂದು ಸೂಜಿ. ಆಮೇಲೆ 6, 10, 14ನೇ ವಾರಕ್ಕೆ ಐದು ರೋಗಕ್ಕೆ ಒಟ್ಟಿಗೆ ಹಾಕುವ ಪೆಂಟಾವ್ಯಾಲೆಂಟ್ ಲಸಿಕೆಯಲ್ಲಿ ಉಳಿದದ್ದು ಬರುತ್ತದೆ. ತಾಯಿಯಲ್ಲಿ ವೈರಸ್ ಜಾಸ್ತಿ ಇದ್ದರೆ ಬಸುರಿಯಾಗಿರುವಾಗಲೇ ಅದನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆಯನ್ನೂ ಕೊಡುತ್ತಾರೆ. ಇಷ್ಟು ಮಾಡಿದರೆ ಆ ಮನೆಯ ‘ಮನೆತನದ ರೋಗ’ ಬಹುತೇಕ ಆ ಕೂಸಿಗೆ ಬರದೆ ಅಲ್ಲಿಗೇ ನಿಂತುಹೋಗುತ್ತದೆ. ಅವಳು ಧೈರ್ಯವಾಗಿ ಮೊಲೆ ಹಾಲನ್ನೂ ಕುಡಿಸಬಹುದು.

ಆದರೆ ಆ 24 ಗಂಟೆ ಭಾನುವಾರ ಬರುತ್ತದೆ, ಹಬ್ಬದ ದಿನ ಬರುತ್ತದೆ, ಲಸಿಕೆ ಹಾಕುವ ಸಿಸ್ಟರ್ ರಜೆಯಲ್ಲಿರುತ್ತಾರೆ, ಕೆಲವು ನರ್ಸಿಂಗ್ ಹೋಮ್‌ಗಳಲ್ಲಿ “ಒಂದೂವರೆ ತಿಂಗಳಿಗೆ ಹೇಗೂ ಹಾಕ್ತಾರಲ್ಲ, ಆಗ ಹಾಕಿಸ್ರಿ” ಅನ್ನುತ್ತಾರೆ. ಯಾದಗಿರಿ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ದುಡಿಯಲು ಹೋದ ಊರಿನಲ್ಲೇ ಹೆರಿಗೆ ಆಗುತ್ತದೆ, ಕಾರ್ಡ್ ಎಲ್ಲೋ, ಲಸಿಕೆ ಎಲ್ಲೋ. ಒಂದೂವರೆ ತಿಂಗಳು ಕಾದರೆ ವೈರಸ್ ಕಾಯುವುದಿಲ್ಲ ಅಲ್ವಾ? ತೈವಾನ್ ದೇಶದವರು 1984ರಲ್ಲೇ ಹುಟ್ಟಿದ ಮಕ್ಕಳಿಗೆ ಈ ಲಸಿಕೆ ಹಾಕಲು ಶುರು ಮಾಡಿದರು, ಹತ್ತು ಹನ್ನೆರಡು ವರ್ಷದಲ್ಲೇ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿದದ್ದು ಕಣ್ಣಿಗೆ ಕಂಡಿತು. ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಇದೇ. ನಮ್ಮಲ್ಲಿ 2002ರ ಸುಮಾರಿಗೆ ಕೆಲವು ಕಡೆ ಶುರುವಾಗಿ 2011ರ ಹೊತ್ತಿಗೆ ದೇಶಕ್ಕೆಲ್ಲ ಬಂತು. ಅಂದರೆ ಇವತ್ತು ಮದುವೆ ವಯಸ್ಸಿಗೆ ಬಂದಿರುವ, ಮಕ್ಕಳನ್ನು ಹೆರುತ್ತಿರುವ ಬಹಳ ಜನಕ್ಕೆ ಚಿಕ್ಕಂದಿನಲ್ಲಿ ಲಸಿಕೆ ಬಿದ್ದಿಲ್ಲ.

ಲಿವರ್ ಕ್ಯಾನ್ಸರ್ ತರುವ ಇನ್ನೊಂದು ವೈರಸ್ ಹೆಪಟೈಟಿಸ್ ಸಿ, ಅದರ ಬಗ್ಗೆ ಎರಡು ಮಾತು. ಇದಕ್ಕೆ ಲಸಿಕೆ ಇಲ್ಲ, ಆದರೆ ಪೂರ್ತಿ ವಾಸಿಯಾಗುತ್ತದೆ. ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ, ನೂರರಲ್ಲಿ ತೊಂಬತ್ತೈದು ಜನ ಗುಣ. ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಕಡ್ಡಾಯ ಆಗುವ ಮೊದಲು ರಕ್ತ ಹಾಕಿಸಿಕೊಂಡವರು, ಹಿಂದೆ ಒಂದೇ ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಊರಿಗೆಲ್ಲ ಚುಚ್ಚುತ್ತಿದ್ದ ಕಾಲದಲ್ಲಿ ಸೂಜಿ ಮಾಡಿಸಿಕೊಂಡವರು ಒಮ್ಮೆ ನೋಡಿಸಿಕೊಳ್ಳಲೇಬೇಕು. ನಮ್ಮ ಹಳ್ಳಿಗಳಲ್ಲಿ “ಸೂಜಿ ಮಾಡ್ರಿ ಸಾಹೇಬ್ರ, ಗುಳಿಗಿ ಬ್ಯಾಡ” ಅನ್ನುವುದು ಇನ್ನೂ ಹೋಗಿಲ್ಲ. ಬೇಡದ ಸೂಜಿ ಬೇಡವೇ ಬೇಡ. ಬೇಕೇ ಆದರೆ ನಿಮ್ಮ ಕಣ್ಣೆದುರು ಹೊಸ ಪ್ಯಾಕೆಟ್ ಹರಿಯಲಿ. ಜಾತ್ರೆಯಲ್ಲಿ ಹಚ್ಚೆ ಹಾಕುವವರ ಸೂಜಿ, ಕ್ಷೌರದ ಅಂಗಡಿಯ ಬ್ಲೇಡ್, ಇವೂ ಹಾಗೇ. ಒಂದು ಬ್ಲೇಡಿಗೆ ಎಷ್ಟು ದುಡ್ಡು?

ಹಾಗಾದರೆ ಜೀನ್ ಪಾತ್ರ ಏನೂ ಇಲ್ಲವಾ ಅಂತ ಕೇಳುತ್ತೀರಿ. ಇದೆ. ಸುಳ್ಳು ಹೇಳಬಾರದು. ಒಡಹುಟ್ಟಿದವರಿಗೋ ತಂದೆತಾಯಿಗೋ ಲಿವರ್ ಕ್ಯಾನ್ಸರ್ ಆಗಿದ್ದರೆ ಉಳಿದವರಿಗೆ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ, ಅದರ ಜೊತೆ ವೈರಸ್ಸೂ ಇದ್ದರೆ ಇನ್ನೂ ಬಹಳ ಜಾಸ್ತಿ. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಅವರ ತಂಡ ಪಿಎನ್‌ಪಿಎಲ್‌ಎ3 ಅನ್ನುವ ಜೀನಿನ ಒಂದು ಬದಲಾದ ರೂಪವನ್ನು ಪತ್ತೆ ಮಾಡಿತು. ಅದು ಇದ್ದವರ ಲಿವರಿನಲ್ಲಿ ಕೊಬ್ಬು ಬೇಗ ಕೂರುತ್ತದೆ, ಕರಗುವುದು ನಿಧಾನ. ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಇನ್ನೂ ಕಷ್ಟ. ನಮ್ಮ ದೇಶದಲ್ಲೂ ಇದು ಅಪರೂಪ ಏನಲ್ಲ. ಆದರೆ ಇಲ್ಲೇ ಒಂದು ವಿಷಯ ಗಮನಿಸಬೇಕು. ಈ ಜೀನ್ ಒಬ್ಬನೇ ಕೆಲಸ ಮಾಡುವುದು ಕಡಿಮೆ. ಮೈಯಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಕುಡಿತ ಸೇರಿದಾಗ ಅದರ ಆಟ ಶುರುವಾಗುತ್ತದೆ. ಅಣ್ಣ ತಮ್ಮ ಇಬ್ಬರಲ್ಲೂ ಅದೇ ಜೀನ್ ಇದ್ದು, ಒಬ್ಬ ದಿನಾ ಸಂಜೆ ಕ್ವಾರ್ಟರ್ ಹಾಕುವವನು, ಇನ್ನೊಬ್ಬ ಹನಿ ಮುಟ್ಟದೆ ಮೈ ಹಗುರ ಇಟ್ಟುಕೊಂಡವನು ಆದರೆ ಇಬ್ಬರ ಅಪಾಯ ಒಂದೇ ಅಲ್ಲ. ಮನೆಯಲ್ಲಿ ಯಾರಾದರೂ ಲಿವರ್ ರೋಗದಿಂದ ಹೋಗಿದ್ದರೆ ಉಳಿದವರು ಬೇರೆಯವರಿಗಿಂತ ಜಾಸ್ತಿ ಎಚ್ಚರ ಇರಬೇಕು ಅಂತ ಅದರ ಅರ್ಥ.

ನೇರವಾಗಿ ಜೀನ್‌ನಿಂದಲೇ ಬರುವ ಲಿವರ್ ರೋಗಗಳೂ ಇವೆ. ತಾಮ್ರ ಲಿವರಿನಲ್ಲಿ ಕೂರುವ ವಿಲ್ಸನ್ ಕಾಯಿಲೆ, ಎಳೆ ಮಕ್ಕಳ ಲಿವರ್ ಕೆಡಿಸಿ ಕ್ಯಾನ್ಸರಿಗೂ ದಾರಿ ಮಾಡುವ ಟೈರೋಸಿನೀಮಿಯಾ. ಇವು ಅಪರೂಪ. ಆದರೆ ಇವು ಬರಬೇಕಾದರೆ ಕೆಟ್ಟ ಜೀನ್ ಎರಡೂ ಕಡೆಯಿಂದ ಬರಬೇಕು, ಅಕ್ಕನ ಮಗಳು, ಸೋದರತ್ತೆಯ ಮಗಳು ಅಂತ ಒಳಗೊಳಗೇ ಮದುವೆ ಮಾಡುವ ನಮ್ಮ ಕಡೆ ಅದು ಸುಲಭ. ಒಂದು ಮಗು ಸಣ್ಣ ವಯಸ್ಸಿಗೇ ಲಿವರ್ ಕೆಟ್ಟು ಹೋಗಿದ್ದರೆ ಮುಂದಿನ ಮಗುವಿನ ಮೊದಲು ಡಾಕ್ಟರ ಹತ್ತಿರ ಈ ಮಾತು ಎತ್ತಬೇಕು.

ಇನ್ನು ಶೇಂಗಾ. ಇದನ್ನು ಹೇಳಿದರೆ ನಮ್ಮ ಜನ ನಂಬುವುದೇ ಇಲ್ಲ, ಯಾಕೆಂದರೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಇಲ್ಲದೆ ನಮಗೆ ರೊಟ್ಟಿ ಇಳಿಯುವುದಿಲ್ಲ. ಶೇಂಗಾ ಒಳ್ಳೆಯದೇ. ಬೂಷ್ಟು ಹಿಡಿದದ್ದು ಮಾತ್ರ ವಿಷ. ಶೇಂಗಾ, ಮೆಕ್ಕೆಜೋಳ, ಒಣ ಮೆಣಸಿನಕಾಯಿ ಹಸಿ ಹಸಿಯಾಗಿ ಚೀಲಕ್ಕೆ ಬಿದ್ದರೆ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತಾಗ ಇದು ಮೊದಲು ಗೊತ್ತಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಬಂದ ಮೆಕ್ಕೆಜೋಳ ತಿಂದು ಕಾಮಾಲೆ ಆಗಿ ನೂರಕ್ಕೂ ಹೆಚ್ಚು ಜನ ಸತ್ತರು, ಆ ಊರುಗಳ ನಾಯಿಗಳೂ ಸತ್ತವು. ಅಷ್ಟು ಜಾಸ್ತಿ ಒಮ್ಮೆಲೇ ತಿಂದರೆ ಹಾಗೆ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರ್ ಕ್ಯಾನ್ಸರ್. ಮೈಯಲ್ಲಿ ಕ್ಯಾನ್ಸರ್ ತಡೆಯುವ ಪಿ53 ಅನ್ನುವ ಜೀನ್ ಇದೆ, ಅದರ ಒಂದು ಜಾಗದಲ್ಲಿ ಈ ವಿಷ ತನ್ನದೇ ಗುರುತು ಬಿಟ್ಟು ಹೋಗುತ್ತದೆ ಅಂತ 1991ರಲ್ಲಿ ಚೀನಾ ಮತ್ತು ದಕ್ಷಿಣ ಆಫ್ರಿಕಾದ ರೋಗಿಗಳಲ್ಲಿ ಕಂಡುಹಿಡಿದರು. ಅಂದರೆ ಹುಟ್ಟುವಾಗ ಸರಿಯಾಗಿಯೇ ಇದ್ದ ಜೀನ್ ತಿನ್ನುವ ಅನ್ನದಿಂದ ಕೆಡುತ್ತದೆ. ಹೆಪಟೈಟಿಸ್ ಬಿ ಇದ್ದವರಿಗೆ ಈ ವಿಷ ಸೇರಿದರೆ ಅಪಾಯ ಎರಡೂ ಕೂಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಹುರಿದರೆ ಹೋಗುತ್ತದೆ ಅನ್ನಬೇಡಿ. ಮನೆಯ ಒಲೆಯ ಬಿಸಿಗೆ ಅದು ಪೂರ್ತಿ ಸಾಯುವುದಿಲ್ಲ. ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಒಳ್ಳೆ ಬೀಜ ಬೇರೆ ಆದ ಮೇಲೆ ಉಳಿಯುವ ಸುಕ್ಕು ಬೀಜ, ಕಪ್ಪು ಬೀಜ, ಹುಳುಕು ಬೀಜ ಕಡಿಮೆ ರೇಟಿಗೆ ಹೋಗುತ್ತದೆ. ಅದನ್ನು ಪುಡಿ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಬಡವರ ತಟ್ಟೆಗೆ ಬರುವುದು ಅದೇ. ಆದ್ದರಿಂದ ಹಿಂಡಿ ಆದಷ್ಟು ಮನೆಯಲ್ಲೇ ಕುಟ್ಟಿಕೊಳ್ಳಿ, ಬೀಜ ಹಾಸಿಕೊಂಡು ಬಣ್ಣ ಕೆಟ್ಟದ್ದನ್ನು, ಮುದುರಿದ್ದನ್ನು ಆರಿಸಿ ಎಸೆಯಿರಿ, ಬಾಯಲ್ಲಿ ಕಹಿ ಬೀಜ ಸಿಕ್ಕರೆ ನುಂಗದೆ ಉಗುಳಿ. ಎಸೆದದ್ದನ್ನು ಎಮ್ಮೆಗೆ ಹಾಕಬೇಡಿ. ಬೂಷ್ಟು ಬಂದ ಹತ್ತಿಕಾಳು ಹಿಂಡಿ, ಶೇಂಗಾ ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲೂ ಆ ವಿಷದ ಅಂಶ ಬರುತ್ತದೆ. ರೈತರು ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವಷ್ಟು ಒಣಗಿಸಿಯೇ ಚೀಲ ತುಂಬಬೇಕು, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಬೇಕು. ಬೀದರ್‌ನಿಂದ ಹೈದರಾಬಾದಿಗೆ ಹೋಗುವಾಗ ಪಟಾನ್‌ಚೆರುವಿನಲ್ಲಿ ಸಿಗುವ ಇಕ್ರಿಸ್ಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆ ಶೇಂಗಾದಲ್ಲಿ ಈ ವಿಷ ಪತ್ತೆ ಮಾಡುವ ಕಡಿಮೆ ಖರ್ಚಿನ ಟೆಸ್ಟನ್ನೇ ತಯಾರು ಮಾಡಿದೆ. ಅಷ್ಟು ಹತ್ತಿರ ಇರುವ ವಿದ್ಯೆ ನಮ್ಮ ಗಂಜ್ ಮಾರುಕಟ್ಟೆಗೆ ಯಾಕೆ ಬರಬಾರದು? ತೊಗರಿಗೆ ಮಾಡುವಷ್ಟು ಕಾಳಜಿ ಶೇಂಗಾಕ್ಕೂ ಮಾಡಿ.

ಕುಡಿತದ ಬಗ್ಗೆ ಹೊಸದಾಗಿ ಏನು ಹೇಳಲಿ. 2007ರಲ್ಲಿ ಸಾರಾಯಿ ಬಂದ್ ಆಯಿತು, ಅದರ ಜಾಗಕ್ಕೆ ತೊಂಬತ್ತು ಎಂಎಲ್ ಪ್ಯಾಕೆಟ್ ಬಂತು. ಹೆಪಟೈಟಿಸ್ ಬಿ ಇರುವವನು ಕುಡಿಯುವುದು ಅಂದರೆ ಉರಿಯುವ ಬಣವೆಗೆ ಸೀಮೆಎಣ್ಣೆ ಸುರಿದ ಹಾಗೆ. ಬೀಡಿ ಸಿಗರೇಟೂ ಲಿವರ್ ಕ್ಯಾನ್ಸರಿಗೆ ಕಾರಣ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ.

ಕುಡಿಯದವರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಗೆ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಇರುತ್ತದೆ, ಅಂದರೆ ಲಿವರಿನಲ್ಲಿ ಕೊಬ್ಬು ಕೂತಿದೆ ಅಂತ, “ಎಲ್ಲರಿಗೂ ಇರ್ತದ” ಅಂತ ಮಡಚಿ ಇಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಸುಮಾರು ಎರಡು ಪಟ್ಟು. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಹೊಲದಲ್ಲಿ ದುಡಿಯುತ್ತಿದ್ದ ಮೈ ಈಗ ಬೆಳಿಗ್ಗೆ ಸುಸಲಾ ಮಿರ್ಚಿ, ಎರಡು ಹೊತ್ತು ಅನ್ನ, ನಡುವೆ ನಾಲ್ಕೈದು ಸಲ ಸಿಹಿ ಚಾ ಕುಡಿದು ಅಂಗಡಿಯಲ್ಲಿ ಕೂರುತ್ತದೆ. ಮೈತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿದರೂ ಲಿವರಿನ ಕೊಬ್ಬು, ಉರಿಯೂತ ಇಳಿಯುತ್ತದೆ. ಎಂಬತ್ತು ಕೆಜಿ ಇದ್ದವರು ಆರರಿಂದ ಎಂಟು ಕೆಜಿ. ಆಗದ ಮಾತಲ್ಲ.

ಇನ್ನೊಂದು ಸಂಕಟ ಇದೆ. ಕಣ್ಣು ಹಳದಿ ಆದ ಕೂಡಲೇ ನಮ್ಮ ಜನ ಲ್ಯಾಬಿಗೆ ಬರುವುದಿಲ್ಲ. ಯಾವುದೋ ಊರಲ್ಲಿ ಎಲೆ ರಸ ಕೊಡುತ್ತಾರೆ, ಇನ್ನೊಂದು ಊರಲ್ಲಿ ಕೈಗೆ ಬರೆ ಹಾಕುತ್ತಾರೆ. ಕೆಲವು ಕಾಮಾಲೆ ತಾನಾಗಿಯೇ ಹೋಗುತ್ತದೆ, ಹೆಸರು ಬರೆಗೆ ಬರುತ್ತದೆ. ಹೋಗದೆ ಒಳಗೇ ಉಳಿದ ಹೆಪಟೈಟಿಸ್ ಬಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಬರೆಯ ಗುರುತು ಕೈಮೇಲೆ ಇಟ್ಟುಕೊಂಡೇ ಗಡ್ಡೆಯ ರಿಪೋರ್ಟ್ ತಗೊಳ್ಳಲು ಬಂದವರನ್ನು ನಾನು ನೋಡಿದ್ದೇನೆ. ಬೇಗ ಸಿಕ್ಕಿದ್ದರೆ ಬೇರೆ ದಾರಿ ಇತ್ತು. ಸಿರೋಸಿಸ್ ಆದವರು, ಹೆಪಟೈಟಿಸ್ ಬಿ ಜೊತೆ ಮನೆಯಲ್ಲಿ ಲಿವರ್ ಕ್ಯಾನ್ಸರ್ ಕಂಡವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು, ಗಡ್ಡೆ ಸಣ್ಣದಿದ್ದಾಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು, ಸುಟ್ಟು ಹಾಕಬಹುದು.

ಜೊತೆಗೆ ಇದನ್ನೂ ದಯವಿಟ್ಟು ಅಚ್ಚು ಮಾಡಿ. ಹೆಪಟೈಟಿಸ್ ಬಿ ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಹಿಡಿದರೆ, ಅಪ್ಪಿಕೊಂಡರೆ ಬರುವುದಿಲ್ಲ. ರಕ್ತದಿಂದ, ದೇಹ ಸಂಪರ್ಕದಿಂದ, ತಾಯಿಯಿಂದ ಕೂಸಿಗೆ ಬರುತ್ತದೆ. ಸಂಬಂಧ ಮುರಿಯುವ ಕಾರಣ ಇದಾಗಬಾರದು. ಗಂಡಿಗೋ ಹೆಣ್ಣಿಗೋ ಇದ್ದರೆ ಇನ್ನೊಬ್ಬರು ಮದುವೆಗೆ ಮೊದಲೇ ಲಸಿಕೆ ಹಾಕಿಸಿಕೊಂಡರೆ ಆಯಿತು. ಈ ಹೆದರಿಕೆಯಿಂದಲೇ ಜನ ಟೆಸ್ಟಿಗೆ ಬರುವುದಿಲ್ಲ, ಬಂದರೂ ರಿಪೋರ್ಟ್ ಹರಿದು ಹಾಕುತ್ತಾರೆ.

ಸರ್ಕಾರದ ಯೋಜನೆ ಇಲ್ಲ ಅಂತಲ್ಲ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದೇ ಶುರುವಾಗಿದೆ. ಟೆಸ್ಟ್, ಮಾತ್ರೆ ಎರಡೂ ಬಿಟ್ಟಿ. ಆದರೆ ಜೇವರ್ಗಿಯ ಒಬ್ಬ ರೈತನನ್ನೋ, ಗುರುಮಠಕಲ್‌ನ ಒಬ್ಬ ಬಸುರಿಯನ್ನೋ ಕೇಳಿ ನೋಡಿ, ಎಲ್ಲಿ ಮಾಡುತ್ತಾರೆ ಅಂತ ಗೊತ್ತಿಲ್ಲ. ಪ್ರತಿ ವರ್ಷ ಜುಲೈ 28ಕ್ಕೆ ವಿಶ್ವ ಹೆಪಟೈಟಿಸ್ ದಿನ ಅಂತ ಬ್ಯಾನರ್ ಹಿಡಿದು ಜಾಥಾ ಮಾಡುತ್ತೇವೆ, ಫೋಟೋ ನಿಮ್ಮ ಪತ್ರಿಕೆಗೂ ಬರುತ್ತದೆ. ಈ ಸಲ ಆರೋಗ್ಯ ಇಲಾಖೆಯವರು ಒಂದು ಕೆಲಸ ಮಾಡಲಿ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯಾವ ಆಸ್ಪತ್ರೆಯಲ್ಲಿ, ಯಾವ ರೂಮಿನಲ್ಲಿ, ಯಾವ ದಿನ ಈ ಟೆಸ್ಟ್ ಬಿಟ್ಟಿ ಮಾಡುತ್ತಾರೆ, ಮಾತ್ರೆ ಎಲ್ಲಿ ಕೊಡುತ್ತಾರೆ, ಹೆರಿಗೆ ಆದ ಕೂಸಿಗೆ ರಜೆ ದಿನವೂ ಲಸಿಕೆ ಯಾರು ಹಾಕುತ್ತಾರೆ ಅನ್ನುವ ಪಟ್ಟಿ ಕೊಡಲಿ. ನೀವು ಅದನ್ನು ತಾಲೂಕುವಾರು ಅಚ್ಚು ಮಾಡಿ. ನಮ್ಮ ಲ್ಯಾಬಿನ ಗೋಡೆಗೆ ನಾನೇ ಅಂಟಿಸುತ್ತೇನೆ, ಬಂದವರಿಗೆ ಓದಿ ಹೇಳುತ್ತೇನೆ.

ಇತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್,
ಕಲಬುರಗಿ